ದೇವಬಾಗದ ದಂಡೆಗೆ ಕಡಲಹುಲ್ಲು ನೆಟ್ಟರೆ ಕೊರೆತ ನಿಲ್ಲುತ್ತದಾ?

ಮಾಜಾಳಿ ದಂಡೆ: ಕಾರವಾರದ ಕಡೆ ಕಡಲ್ಕೊರೆತ ಅಂದರೆ ಬಂಡೆ ಸುರಿಯುವುದೊಂದೇ ದಾರಿಯಾ? ಕಡಲ ತಳದಲ್ಲಿ ಬೆಳೆಯುವ ಕಡಲಹುಲ್ಲು (ಸೀಗ್ರಾಸ್) ನೆಡಬಹುದಲ್ಲ? ಅದು ಪಾಚಿಯಲ್ಲ, ಹೂ ಬಿಡುವ ಗಿಡ. ಗರಿಕೆಯ ಹಾಗೆ ಮರಳೊಳಗೆ ಕಾಂಡ ಹರಿದು ಗಂಟುಗಂಟಿಗೂ ಬೇರು ಬಿಡುತ್ತದೆ. ಎಲೆಗಳು ನೀರಿನ ಓಟ ತಗ್ಗಿಸಿದರೆ ತೇಲುವ ಮರಳು ಅಲ್ಲೇ ಕೂರುತ್ತದೆ. ತಡೆಗೋಡೆಗೆ ಬಡಿದ ತೆರೆಯೋ, ವಾಪಸು ಹೋಗುವಾಗ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ಗೋಡೆ ಮುಗಿದಲ್ಲಿ ಪಕ್ಕದವರ ದಂಡೆ ಕೊರೆಯಲು ಶುರು.

ಅಳಿವೆ ನೀರು: ಹೇಳಿದ್ದೆಲ್ಲ ಸರಿ, ಜಾಗ ಮಾತ್ರ ತಪ್ಪು. ದೇವಬಾಗ, ಮಾಜಾಳಿ ತೆರೆದ ಕಡಲು. ಮಳೆಗಾಲದಲ್ಲಿ ತೆರೆ ಒಡೆಯುವ ಕಡೆ ತಳದ ಮರಳೇ ನಿಲ್ಲುವುದಿಲ್ಲ, ಬೇರು ಎಲ್ಲಿ ಹಿಡಿಯಬೇಕು? ಹುಲ್ಲು ಬೆಳೆಯುವ ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ, ಲಕ್ಷದ್ವೀಪದಲ್ಲಿ ತೆರೆಗೆ ಮರೆ ಇದೆ.

ಬೆಳಕಿನದ್ದೂ ನೋಡಿ. ನೀರಿನ ಮೇಲೆ ಬೀಳುವ ಬೆಳಕಿನಲ್ಲಿ ಸುಮಾರು ಶೇ 11 ಆದರೂ ತಳ ಮುಟ್ಟಬೇಕು. 20 ಸೆಂ.ಮೀ. ಅಗಲದ ಕಪ್ಪು-ಬಿಳಿ ತಟ್ಟೆಯನ್ನು ಅಳತೆ ಗುರುತಿನ ಹಗ್ಗಕ್ಕೆ ಕಟ್ಟಿ, ದೋಣಿಯ ನೆರಳಿನ ಬದಿಯಲ್ಲಿ ಇಳಿಸಿ. ಮರೆಯಾದ ಆಳ, ಎತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿಯನ್ನು 1.3ರಿಂದ ಗುಣಿಸಿ. ಹುಲ್ಲು ಬದುಕಬಲ್ಲ ಆಳ ಸುಮಾರು ಅಷ್ಟೇ. ತಟ್ಟೆ 1 ಮೀಟರಿಗೇ ಮಾಯವಾದರೆ 1.3 ಮೀಟರಿನಾಚೆ ನೆಟ್ಟದ್ದು ದಂಡ. ಜನವರಿಯ ತಿಳಿನೀರಿನ ಲೆಕ್ಕ ಸಾಲದು, ಜುಲೈಯ ಕೆಂಪು ನೀರಲ್ಲೂ ಅಳೆಯಬೇಕು.

ಮಾಜಾಳಿ ದಂಡೆ: ಅಮೆರಿಕದ ವರ್ಜೀನಿಯಾದಲ್ಲಿ 1930ರ ದಶಕದಲ್ಲಿ ರೋಗಕ್ಕೆ, ಬಿರುಗಾಳಿಗೆ ಅಳಿದ ಹುಲ್ಲನ್ನು 7 ಕೋಟಿಗೂ ಹೆಚ್ಚು ಬೀಜ ಬಿತ್ತಿ ಸುಮಾರು 3,600 ಹೆಕ್ಟೇರಿಗೆ ಹಬ್ಬಿಸಿದ್ದಾರಲ್ಲ?

ಗಜನಿ ಕಟ್ಟೆ: ಅದು ಮರಳುದ್ವೀಪಗಳ ಹಿಂದಿನ ಒಳನೀರು ಮಾರಾಯ್ರೆ. ಅಷ್ಟಾಗಲು ಇಪ್ಪತ್ತು ವರ್ಷ ಹಿಡಿಯಿತು. ಇಲ್ಲಿ ಅಂಥ ಮರೆ ಬೇಕಾದರೆ ಅಘನಾಶಿನಿಯಂಥ ಅಳಿವೆಯ ಒಳಗೆ ಹೋಗಬೇಕು. ಅಲ್ಲಿ ಮಳೆಗಾಲಕ್ಕೆ ನೀರಿನ ಉಪ್ಪಿನಂಶ ಇಳಿಯುತ್ತದೆ. ಅದನ್ನು ತಾಳುವ ಹ್ಯಾಲೊಫಿಲಾ ಬೆಕಾರಿ ಎಂಬ ಕಡಲಹುಲ್ಲಿನ ಎಲೆ ಒಂದೆರಡು ಸೆಂ.ಮೀ. ಅಷ್ಟೇ. ಕೆಸರು ಹಿಡಿದೀತು, ತೆರೆ ತಡೆಯದು. ಎಲೆ ನೀರಿನ ಆಳದಲ್ಲಿ ದೊಡ್ಡ ಪಾಲು ತುಂಬಿದರೆ ಮಾತ್ರ ತೆರೆ ಕುಗ್ಗುವುದು. ಉದ್ದ ಎಲೆಯ ಹುಲ್ಲಿಗೂ ಭರತದ ಹೊತ್ತಲ್ಲಿ ಬಲ ಕಡಿಮೆ.

ನೆಡುವುದಕ್ಕೆ ಮೊದಲು ತಳಕ್ಕೆ ಕಬ್ಬಿಣದ ಸರಳು ಹುಗಿದು, ಮೇಲೆ ಉಳಿದ ಉದ್ದವನ್ನು ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಮರಳು ಐದಾರು ಸೆಂ.ಮೀ. ಏರಿಳಿದರೂ ಸಣ್ಣ ಗಿಡ ಒಂದೋ ಹೂತುಹೋಗುತ್ತದೆ, ಇಲ್ಲವೇ ಬೇರು ಬಯಲಾಗುತ್ತದೆ. ಪಾಕ್ ಕೊಲ್ಲಿಯಲ್ಲಿ ಬಿದಿರಿನ ಚೌಕಟ್ಟಿಗೆ ಹಗ್ಗ ಹೆಣೆದು, ಅದಕ್ಕೆ ಗಿಡ ಕಟ್ಟಿ ತಳದಲ್ಲಿ ಕೂರಿಸಿದ್ದಾರೆ. ಬೆಳೆಯುವ ತುದಿ ಇರುವ ಕಾಂಡವನ್ನೇ ಆರಿಸಬೇಕು, ತುದಿ ಮುರಿದದ್ದು ಹಬ್ಬುವುದು ಕಷ್ಟ. ಹಗ್ಗ ತೆಂಗಿನ ನಾರಿನದ್ದಿರಲಿ. ನೈಲಾನ್ ಕೊಳೆಯುವುದಿಲ್ಲ, ಹಾಗೇ ಕಡಲಲ್ಲಿ ಉಳಿಯುತ್ತದೆ. ಬಳಚು (ಚಿಪ್ಪುಮೀನು) ಹೆಕ್ಕುವ ಜಾಗದಲ್ಲಂತೂ ಅಲ್ಲಿನವರನ್ನು ಕೇಳದೆ ಕೈ ಹಾಕಲೇಬಾರದು.

ಮಾಜಾಳಿ ದಂಡೆ: ಒಳ ಅಳಿವೆಗೆ ಒಪ್ಪಿದೆ. ದೇವಬಾಗಕ್ಕೆ ಏನು ಮಾಡೋಣ ಹೇಳಿ.

ಅಳಿವೆ ನೀರು: ಮರಳುದಿಬ್ಬ ಉಳಿಸಿ. ಮಳೆಗಾಲದ ತೆರೆ ದಂಡೆಯ ಮರಳನ್ನು ಎಳೆದು ಕಡಲೊಳಗೆ ದಿಣ್ಣೆ ಕಟ್ಟುತ್ತದೆ, ಮುಂದಿನ ತೆರೆ ಆ ದಿಣ್ಣೆಯ ಮೇಲೇ ಒಡೆಯುತ್ತದೆ. ಮಳೆ ಕಳೆದ ಮೇಲೆ ಆ ಮರಳು ಮೆಲ್ಲಗೆ ವಾಪಸು ಬರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ದಂಡೆಯ ಮರಳಲ್ಲಿ ಹಬ್ಬುವ ಅಡುಂಬು ಬಳ್ಳಿ. ಭರತದ ಗೆರೆಗಿಂತ ಮೇಲೆ, ನಾಲ್ಕು ಗಂಟಿನ ತುಂಡಿನಲ್ಲಿ ಎರಡು ಗಂಟು ಹೂತುಹೋಗುವಂತೆ ನೆಡಿ. ಗಾಳಿಮರದ ದಟ್ಟ ನೆರಳಲ್ಲಿ ಅದು ಹಬ್ಬುವುದಿಲ್ಲ, ಮರದ ಸಾಲಿನ ಮುಂದೆ ಬಿಸಿಲಿರುವ ಪಟ್ಟಿ ಬಿಡಬೇಕು. ಕಸ ತೆಗೆಯುವ ನೆಪದಲ್ಲಿ ಆ ಪಟ್ಟಿಗೆ ಜೆಸಿಬಿ ಇಳಿಸಬೇಡಿ, ಕೈಯಲ್ಲೇ ಹೆಕ್ಕಿ.