ಮೊದಲ ಸಲ ವಿಮಾನದಲ್ಲಿ ರೈಫಲ್ ಒಯ್ಯುತ್ತಿದ್ದೇನೆ. ತೋಟಾ ಎಲ್ಲಿಡಬೇಕು?

ಪ್ರೋನ್_ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು 50 ಮೀಟರ್ ಪ್ರೋನ್ (ಬೋರಲು ಮಲಗಿ ಗುರಿ ಹೊಡೆಯುವುದು) ಹೊಡೆಯುತ್ತೇನೆ, .22 ರೈಫಲ್. ಲೈಸೆನ್ಸ್ ನನ್ನ ಹೆಸರಲ್ಲೇ ಇದೆ.

ಇಷ್ಟು ವರ್ಷ ದೆಹಲಿಗೆ ಹೋಗಬೇಕೆಂದರೆ ಕರ್ನಾಟಕ ಎಕ್ಸ್‌ಪ್ರೆಸ್ಸೇ ಗತಿ. ಲೋವರ್ ಬರ್ತ್ ಕೆಳಗೆ ಕೇಸ್ ತಳ್ಳಿ, ಚೈನು ಸುತ್ತಿ ಬೀಗ ಹಾಕಿ, ಎರಡು ರಾತ್ರಿ ಅರೆನಿದ್ದೆ. ಎದುರು ಸೀಟಿನವರು "ಏನಮ್ಮ ಅದು, ವೀಣೇನಾ?" ಅಂದರೆ "ಹೂಂ" ಅಂದುಬಿಡುತ್ತಿದ್ದೆ.

ಈ ಸಲ ಆಫೀಸಿನಲ್ಲಿ ನಾಲ್ಕೇ ದಿನ ರಜೆ. ಮ್ಯಾಚ್ ಇರುವುದು ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿನಲ್ಲಿ. ಹಾಗಾಗಿ ಬೆಂಗಳೂರಿನಿಂದ ವಿಮಾನ. ರೈಫಲ್ ಮತ್ತು ತೋಟಾ ಒಂದೇ ಕೇಸಿನಲ್ಲಿ ಇಡಬಹುದಾ? ಎಷ್ಟು ತೋಟಾ ಬಿಡುತ್ತಾರೆ? ಬೋಲ್ಟ್ (ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಭಾಗ) ಕಳೆದುಹೋದರೆ ಕಷ್ಟ, ಅದನ್ನು ಮಾತ್ರ ಕೈಚೀಲದಲ್ಲಿ ಇಟ್ಕೋ ಅಂತ ಗೆಳತಿ ಹೇಳಿದಳು. ಸರೀನಾ?

ಜೋಡುನಳಿಗೆ

ಬೋಲ್ಟ್ ವಿಷಯ ಮೊದಲು. ಬೇಡಮ್ಮಾ, ಬೇಡವೇ ಬೇಡ. ಕೋವಿಯ ಬಿಡಿಭಾಗವನ್ನೂ ಒಳಗೆ ಬಿಡುವುದಿಲ್ಲ. ಬಿಚ್ಚಿ, ಬಟ್ಟೆ ಸುತ್ತಿ, ರೈಫಲ್ ಕೇಸಿನಲ್ಲೇ ಇಡಿ.

ನಾನು ಮಡಿಕೇರಿ ಕಡೆಯವನು. ಟ್ರ್ಯಾಪ್ (ಹಾರುವ ಮಣ್ಣಿನ ಬಿಲ್ಲೆಗೆ ಗುಂಡು) ಹೊಡೆಯುತ್ತೇನೆ, 12 ಬೋರ್ ಕೋವಿ. ಹದಿನೆಂಟು ವರ್ಷದಿಂದ ಕೋವಿ ಹಿಡಿದು ವಿಮಾನ ಹತ್ತಿ ಇಳಿದಿದ್ದೇನೆ. ನನಗೆ ಕೋವಿಯಿಂದ ಒಂದು ದಿನವೂ ತೊಂದರೆ ಆಗಿಲ್ಲ. ತೊಂದರೆ ಕೊಟ್ಟಿದ್ದು ಬ್ಯಾಗು. ಅದನ್ನು ಆಮೇಲೆ ಹೇಳುತ್ತೇನೆ.

ಟಿಕೆಟ್ ಮಾಡಿದ ದಿನವೇ ವಿಮಾನ ಕಂಪನಿಗೆ ತಿಳಿಸಿ, ಒಪ್ಪಿಗೆಯನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಕೆಲವರು ಇದಕ್ಕೆ ಬೇರೆ ಶುಲ್ಕ ಹಾಕುತ್ತಾರೆ, ಅದನ್ನೂ ಆಗಲೇ ಕೇಳಿಬಿಡಿ. ಆ ದಿನ ಮಾಮೂಲಿಗಿಂತ ಒಂದು ಗಂಟೆ ಮುಂಚೆಯೇ ಹೋಗಿ. ಕೌಂಟರಿನಲ್ಲಿ ನಿಮ್ಮ ಬಾಯಿಂದ ಮೊದಲು ಬರಬೇಕಾದ ಮಾತು, "ಲೈಸೆನ್ಸ್ ಇರುವ ರೈಫಲ್ ಇದೆ, ಖಾಲಿ ಇದೆ." ಸ್ಕ್ಯಾನರಿನಲ್ಲಿ ಅವರೇ ಕಂಡುಹಿಡಿಯಲಿ ಅಂತ ಸುಮ್ಮನಿರಬೇಡಿ. ಸೆಕ್ಯೂರಿಟಿಯವರು ಬಂದು ಲೈಸೆನ್ಸಿನ ಮೇಲಿನ ನಂಬರು, ರೈಫಲ್ ಮೇಲಿನ ನಂಬರು ಎರಡನ್ನೂ ಓದಿ ನೋಡುತ್ತಾರೆ. ಫಾರಂ ಬರೆಸಿಕೊಳ್ಳುತ್ತಾರೆ. ಲೈಸೆನ್ಸಿನ ಮೂಲಪ್ರತಿಯೇ ಬೇಕು. ಅದು ಅಖಿಲ ಭಾರತಕ್ಕೋ, ಕರ್ನಾಟಕಕ್ಕೆ ಮಾತ್ರವೋ, ಇವತ್ತೇ ತೆಗೆದು ನೋಡಿ.

ರೇಂಜಿನಲ್ಲಿ ಗುಂಡು ಕೂರುವ ಚೇಂಬರಿಗೆ ಹಾಕುತ್ತೀರಲ್ಲ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗ್, ಅದನ್ನು ಹಾಕಿಯೇ ಪ್ಯಾಕ್ ಮಾಡಿ. ಕೇಸ್ ತೆರೆದ ಕೂಡಲೇ ಕಾಣುವುದು ಅದೇ. ಕೋವಿ ಗೊತ್ತಿಲ್ಲದ ಹುಡುಗರಿಗೂ ಅದರಿಂದ ಧೈರ್ಯ ಬರುತ್ತದೆ.

ತೋಟಾ ಬೇರೆ ಪ್ಯಾಕಿನಲ್ಲಿ, ಅಂಗಡಿಯ ಡಬ್ಬಿಯಲ್ಲೇ ಇರಲಿ. ಅದೂ ಚೆಕ್-ಇನ್ ಸಾಮಾನಿಗೇ. ಒಬ್ಬರಿಗೆ 5 ಕೆಜಿ, ಡಬ್ಬಿಯ ತೂಕವೂ ಸೇರಿ. ಇಬ್ಬರದು ಕೂಡಿಸಿ ಹತ್ತು ಕೆಜಿ ಅಂತ ಒಂದೇ ಪ್ಯಾಕ್ ಮಾಡಲು ಬಿಡುವುದಿಲ್ಲ. ನಿಮಗೇನೂ ಚಿಂತೆ ಇಲ್ಲ. .22ರ 50ರ ಡಬ್ಬಿ 180 ಗ್ರಾಂ ಆಸುಪಾಸು, 500 ಒಯ್ದರೂ ಎರಡು ಕೆಜಿ ದಾಟದು. ಗೋಳು ನಮ್ಮದು. 12 ಬೋರಿನ 25ರ ಡಬ್ಬಿಯೇ ಹತ್ತಿರ ಹತ್ತಿರ ಒಂದು ಕೆಜಿ. ಐದು ಡಬ್ಬಿಗೆ ಲೆಕ್ಕ ಮುಗಿಯಿತು. ಟ್ರ್ಯಾಪ್ ಕ್ವಾಲಿಫಿಕೇಶನ್ ಅಂದರೆ 125 ಹಕ್ಕಿ (ಮಣ್ಣಿನದು, ಗಾಬರಿ ಬೇಡ), ಒಂದೊಂದಕ್ಕೂ ಎರಡು ಗುಂಡು ಹೊಡೆಯಬಹುದು. ಕಮ್ಮಿ ಬಿದ್ದರೆ ಅಲ್ಲೇ ಹೊಂದಿಸಿಕೊಳ್ಳಬೇಕು. ನಮ್ಮ ಕೊಡಗಿನ ಕೋವಿ ಲೈಸೆನ್ಸ್ ವಿನಾಯಿತಿ ಪತ್ರದಲ್ಲಿ ಜಿಲ್ಲೆಯ ಹೊರಗೆ ಒಂದು ರೈಫಲ್ಲು, ಅದಕ್ಕೆ 100 ಗುಂಡು, ಒಂದು ಕೋವಿ, ಅದಕ್ಕೆ 500 ತೋಟಾ ಅಂತಿದೆ. ಸರ್ಕಾರ 500 ಅಂದರೂ ವಿಮಾನ 125 ಅನ್ನುತ್ತದೆ!

ಈಗ ಬ್ಯಾಗಿನ ಕಥೆ. ಸೆಪ್ಟೆಂಬರ್ 3, ಕೈಲ್ ಮುಹೂರ್ತ, ನಮ್ಮ ಕೊಡಗಿನ ಆಯುಧಪೂಜೆ. ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಊಟ ಮುಗಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಎಲ್ಲರೂ ಗುಂಡು ಹೊಡೆದೆವು. ಮಿಕ್ಕ ತೋಟಾ ಬ್ಯಾಗಿನ ಪಕ್ಕದ ಜೇಬಿಗೆ ಹಾಕಿದೆ. ಮನೆಗೆ ಬಂದು ತೆಗೆದೂ ಇಟ್ಟೆ. ವಾರದ ನಂತರ ಅಣ್ಣನ ಮಗನ ನಿಶ್ಚಿತಾರ್ಥಕ್ಕೆ ಮುಂಬೈಗೆ ಹೊರಟೆವು. ಒಳ್ಳೆಯ ಬ್ಯಾಗು ಮನೆಯವಳು ತಗೊಂಡಳು. ನನ್ನ ಪಾಲಿಗೆ ಇದು.

ಎಕ್ಸ್‌ರೇ ಬೆಲ್ಟ್ ನಿಂತಿತು. ಹಿಂದೆ ಹೋಯಿತು. ಮುಂದೆ ಬಂತು. ಮತ್ತೆ ಹಿಂದೆ. "ಸರ್, ಇದರಲ್ಲಿ ಏನಿದೆ?" "ಬಟ್ಟೆ, ಕಾಫಿಪುಡಿ." ಪರದೆ ನನ್ನ ಕಡೆ ತಿರುಗಿಸಿದರು. ಕಾಫಿಪುಡಿ ಪೊಟ್ಟಣದ ಕೆಳಗೆ ಎರಡು ತೋಟಾ, ಒಳಗಿನ ಚರೆಯನ್ನು ಎಣಿಸುವ ಹಾಗೆ ಕಾಣುತ್ತಿದೆ. ಆ ಜೇಬಿನ ಅಸ್ತರು ಹರಿದಿತ್ತು. ಎರಡು ತೋಟಾ ಆ ತೂತಿನಿಂದ ಜಾರಿ ಅಡಿಗೆ ಹೋಗಿ ಕೂತಿದ್ದವು. ವಿನಾಯಿತಿ ಪತ್ರ ಮನೆಯ ಬೀರುವಿನಲ್ಲಿ. ಮಗ ಫೋಟೋ ಹೊಡೆದು ಕಳಿಸಿದ. ನಾಲ್ಕು ಗಂಟೆ ಠಾಣೆಯ ಬೆಂಚಿನ ಮೇಲೆ ಕೂತು ಹೇಳಿಕೆ ಬರೆದುಕೊಟ್ಟೆ. ಕೇಸಾಗಲಿಲ್ಲ. ವಿಮಾನ ಹೋಗಿತ್ತು, ಮನೆಯವಳೂ ಅದರಲ್ಲೇ ಹೋಗಿದ್ದಳು. ನಿಶ್ಚಿತಾರ್ಥದ ಫೋಟೋಗಳಲ್ಲಿ ನಾನಿಲ್ಲ. ಯಾಕೆ ಅಂತ ನಮ್ಮ ಒಕ್ಕದವರಿಗೆಲ್ಲ (ಮನೆತನದವರಿಗೆಲ್ಲ) ಗೊತ್ತು.

ಆವತ್ತಿನಿಂದ ಹೊರಡುವ ಹಿಂದಿನ ರಾತ್ರಿ ಬಿಳಿ ಪಂಚೆ ಹಾಸುತ್ತೇನೆ. ಬ್ಯಾಗು, ಜಾಕೆಟ್ಟು, ಟೋಪಿ ಎಲ್ಲವನ್ನೂ ಅದರ ಮೇಲೆ ತಲೆಕೆಳಗು ಮಾಡಿ ಕೊಡವಿ, ಅಸ್ತರಿಗೆ ಬೆರಳು ಹಾಕಿ ನೋಡುತ್ತೇನೆ. ರೇಂಜಿಗೆ ಒಯ್ಯುವ ಬ್ಯಾಗನ್ನು ಕೈಚೀಲ ಮಾಡಿಕೊಳ್ಳಲೇಬೇಡಿ.

ಕರಿಕೋಟು_ಧಾರವಾಡ

ಜೋಡುನಳಿಗೆಯವರ ಅದೃಷ್ಟ ಚೆನ್ನಾಗಿತ್ತು. ಒಂದೇ ಒಂದು ಜೀವಂತ ಗುಂಡು ಸಿಕ್ಕರೂ ಆಯುಧ ಕಾಯ್ದೆಯ 25ನೇ ಸೆಕ್ಷನ್ ಕೆಳಗೆ ಎಫ್‌ಐಆರ್ ಆಗುವುದುಂಟು. ವಸ್ತು ತನ್ನ ಹತ್ತಿರ ಇದೆ ಅನ್ನುವ ಅರಿವು ಇರಬೇಕು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಮರೆತು ಉಳಿದ ಗುಂಡಿನ ಎಷ್ಟೋ ಕೇಸುಗಳನ್ನು ಹೈಕೋರ್ಟುಗಳು ಇದೇ ಆಧಾರದ ಮೇಲೆ ರದ್ದು ಮಾಡಿವೆ. ಆದರೆ ರದ್ದಾಗುವವರೆಗೆ ಓಡಾಟ, ಫೀಸು, ಪಾಸ್‌ಪೋರ್ಟ್ ಅರ್ಜಿಯಲ್ಲಿ "ಕೇಸ್ ಬಾಕಿ ಇದೆ" ಅಂತ ಬರೆಯುವ ಸಂಕಟ ಎಲ್ಲಾ ನಿಮ್ಮದೇ. ಪಂಚೆ ಹಾಸುವುದು ಅಗ್ಗ.

ಹತ್ತು_ಮೀಟರ್

ಏರ್ ರೈಫಲ್‌ನವರು ಯಾರಾದರೂ ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ. .177 ಬೋರು, ಹೊಡೆತದ ಶಕ್ತಿ 20 ಜೌಲ್ ಒಳಗಿದ್ದರೆ 2016ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ. ಆದರೂ ಕೌಂಟರಿನಲ್ಲಿ ಹೇಳಲೇಬೇಕು, ಕ್ಯಾಬಿನ್ನಿಗೆ ಬಿಡುವುದಿಲ್ಲ. ನಿಯಮದ ಆ ಪುಟ ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳಿ. ನಮಗೆ ತಲೆನೋವು ರೈಫಲ್‌ಗೆ ಗಾಳಿ ತುಂಬಿಡುವ ಸಿಲಿಂಡರಿನದು. ಗಾಳಿ ಪೂರ್ತಿ ಬಿಟ್ಟು, ಮೀಟರಿನ ಮುಳ್ಳು ಸೊನ್ನೆಗೆ ಬಂದಿದ್ದನ್ನು ತೋರಿಸಬೇಕು. ಹೋದ ಸಲ ನಡೆದಿದ್ದು:

"ಇದರಲ್ಲಿ ಯಾವ ಗ್ಯಾಸ್?"
"ಗಾಳಿ ಸರ್."
"ಗಾಳಿ ಅಂದ್ರೆ?"
"ನಾವು ಉಸಿರಾಡ್ತೀವಲ್ಲ, ಅದು. ಈಗ ಅದೂ ಇಲ್ಲ."

ನಗಲಿಲ್ಲ ಪುಣ್ಯಾತ್ಮ. ಬಿಟ್ಟ, ಅಷ್ಟು ಸಾಕು.

ಪ್ರೋನ್_ಮೈಸೂರು

ಹೋಗಿ ಬಂದೆ! ಜೋಡುನಳಿಗೆ ಸರ್, ನಮ್ಮನೆಯಲ್ಲಿ ಬಿಳಿ ಪಂಚೆ ಇರಲಿಲ್ಲ, ಬೆಡ್‌ಶೀಟ್ ಹಾಸಿದೆ. ಬಿದ್ದಿದ್ದು ಏನೇನು ಗೊತ್ತಾ? ಹೊಡೆದ ಗುಂಡಿನ ಮೂರು ಖಾಲಿ ಕೇಸು, ಎರಡು ಹೇರ್‌ಕ್ಲಿಪ್ಪು, ಹೋದ ವರ್ಷದ ಕ್ಯಾಂಟೀನ್ ಚೀಟಿ. ಇನ್ನೇನು ಮುಗಿಯಿತು ಅಂತ ಶೂಟಿಂಗ್ ಗ್ಲೌಸನ್ನು ಸುಮ್ನೆ ಒಮ್ಮೆ ಕೊಡವಿದೆ. ಕಿರುಬೆರಳಿನಿಂದ ಒಂದು ಜೀವಂತ ಗುಂಡು ಜಾರಿ ಬಿತ್ತು. ಆ ಗ್ಲೌಸನ್ನು ಕೈಚೀಲದಲ್ಲೇ ಇಟ್ಟುಕೊಳ್ಳುವವಳಿದ್ದೆ, ಚಳಿಗೆ ಬೇಕಾಗುತ್ತೆ ಅಂತ. ಸ್ವಲ್ಪ ಹೊತ್ತು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಕೌಂಟರಿನಲ್ಲಿ ಇಪ್ಪತ್ತೈದು ನಿಮಿಷ ಹಿಡಿಯಿತು, ಅಷ್ಟೇ. ಕೇಸ್ ತೆರೆದಾಗ ಆ ಹುಡುಗಿ ಕಿತ್ತಳೆ ಫ್ಲ್ಯಾಗ್ ಮುಟ್ಟಿ "ಇದು ಯಾಕೆ ಮೇಡಂ?" ಅಂದಳು. ಖಾಲಿ ಅಂತ ಗುರುತು ಅಂದೆ. "ಒಳ್ಳೇದು ಬಿಡಿ" ಅಂದಳು. ದೆಹಲಿಯಲ್ಲಿ ರೈಫಲ್ ಬೆಲ್ಟಿನ ಮೇಲೆ ಬರಲಿಲ್ಲ, ಎದೆ ಧಸಕ್ ಅಂತು. ಆಮೇಲೆ ಸಿಬ್ಬಂದಿಯೊಬ್ಬರು ಕೈಯಲ್ಲೇ ಹಿಡಿದು ತಂದು, ಲೈಸೆನ್ಸ್ ನೋಡಿ, ಸಹಿ ಹಾಕಿಸಿಕೊಂಡು ಕೊಟ್ಟರು.

ಸ್ಕೋರ್ ಮಾತ್ರ ಯಾರೂ ಕೇಳಬೇಡಿ.