ಉಡುಪಿಯ ಪಿನ್ ಕೋಡ್ 576101 ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ (ಉಡುಪಿಯಿಂದ):
ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದಾಗ, 576101 ಎಂಬ ನಮ್ಮ ಪಿನ್ ಕೋಡಿನ ಮೊದಲ ಮೂರು ಅಂಕಿಗಳು 24ರ ವರ್ಗವೆಂಬುದು ಗಮನಕ್ಕೆ ಬಂದು, ಇಡೀ ಸಂಖ್ಯೆಯನ್ನೇ ಅಪವರ್ತಿಸಿ ನೋಡುವ ಹುಚ್ಚು ಹಿಡಿಯಿತು. ಅಂಕಿಗಳ ಮೊತ್ತ 20 ಆದ್ದರಿಂದ 3ರಿಂದ ಭಾಗವಾಗದು. 7ರಿಂದ ಭಾಗಿಸಿದರೆ 576100ರವರೆಗೆ ಸರಿಯಾಗಿ ಹೋಗಿ ಕೊನೆಗೆ 1 ಉಳಿದುಬಿಡುತ್ತದೆ. 97ರವರೆಗಿನ ಅವಿಭಾಜ್ಯಗಳನ್ನೆಲ್ಲ ಕೈಯಲ್ಲೇ ಪ್ರಯತ್ನಿಸಿದೆ, ಒಂದೂ ನಿಶ್ಶೇಷವಾಗಿ ಭಾಗಿಸಲಿಲ್ಲ. ಕಂಪ್ಯೂಟರಿನ ನೆರವಿಲ್ಲದೆ ಇದನ್ನು ತೀರ್ಮಾನಿಸುವುದು ಹೇಗೆ?

ಉತ್ತರ 1 (ಮಂಗಳೂರಿನಿಂದ):
759ರ ವರ್ಗ 576081, 760ರ ವರ್ಗ 577600. ಆದ್ದರಿಂದ ತಾವು 759ನ್ನು ದಾಟಬೇಕಾಗಿಲ್ಲ. ಭಾಜ್ಯ ಸಂಖ್ಯೆಯಾಗಿದ್ದರೆ ಅದರ ಒಂದು ಅಪವರ್ತನವಾದರೂ ವರ್ಗಮೂಲದೊಳಗೇ ಸಿಗಲೇಬೇಕು. ಅಷ್ಟರೊಳಗೆ 134 ಅವಿಭಾಜ್ಯಗಳಿವೆ, ತಾವು 25ನ್ನು ಮುಗಿಸಿದ್ದೀರಿ. ನಮ್ಮ 575001 ಇಷ್ಟು ಸತಾಯಿಸುವುದಿಲ್ಲ: ಅಂಕಿಗಳ ಮೊತ್ತ 18 ಆದ್ದರಿಂದ 9ರಿಂದ ಭಾಗವಾಗಿ 63889 ಬರುತ್ತದೆ, ಅದು 7 ಮತ್ತು 9127ರ ಗುಣಲಬ್ಧ, ಆ 9127 ಅವಿಭಾಜ್ಯ.

ಉತ್ತರ 2 (ಮಣಿಪಾಲದಿಂದ):
ನಮ್ಮ 576104 ಸಮಸಂಖ್ಯೆಯಾದ್ದರಿಂದ ಈ ಸ್ಪರ್ಧೆಗೆ ನಾವಿಲ್ಲ. ಆದರೆ ಉಳಿದ 109 ಭಾಗಾಕಾರಗಳನ್ನು ತಪ್ಪಿಸುವ ದಾರಿಯೊಂದಿದೆ. 4ರಿಂದ ಭಾಗಿಸಿದಾಗ 1 ಉಳಿಯುವ ಪ್ರತಿಯೊಂದು ಅವಿಭಾಜ್ಯವೂ ಎರಡು ವರ್ಗಗಳ ಮೊತ್ತವೆಂದು ಫ್ರೆಂಚ್ ಗಣಿತಜ್ಞ ಫರ್ಮಾ 1640ರಲ್ಲಿ ಬರೆದಿದ್ದರು. ಅದನ್ನು ಸಾಧಿಸಿ ತೋರಿಸಿದವರು ಸ್ವಿಸ್ ಗಣಿತಜ್ಞ ಆಯ್ಲರ್. ಬೆಸ ಸಂಖ್ಯೆಯೊಂದನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ವಿಧದಲ್ಲಿ ಬರೆಯಲು ಸಾಧ್ಯವಾಗಿ, ಆ ಎರಡು ಮೂಲಗಳಿಗೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲದಿದ್ದರೆ ಅದು ಅವಿಭಾಜ್ಯವೇ ಎಂಬ ಪರೀಕ್ಷೆಯೂ ಅವರದೇ.

576101ನ್ನು 32ರಿಂದ ಭಾಗಿಸಿದರೆ 5 ಉಳಿಯುವುದರಿಂದ, ಎರಡು ಮೂಲಗಳ ಪೈಕಿ ಬೆಸವಾದುದನ್ನು 16ರಿಂದ ಭಾಗಿಸಿದಾಗ 1 ಅಥವಾ 15 ಉಳಿಯಲೇಬೇಕು. ಅದು 5ರ ಗುಣಕವಾಗಿರಬೇಕು, ಇಲ್ಲವೇ 25ರಿಂದ ಭಾಗಿಸಿದಾಗ 1 ಅಥವಾ 24 ಉಳಿಯಬೇಕು. 3ರ ಗುಣಕವಂತೂ ಆಗಕೂಡದು. ಈ ಮೂರು ಜರಡಿಗಳನ್ನು ದಾಟಿ ಬರುವವು ಕೇವಲ 17 ಸಂಖ್ಯೆಗಳು. ಅವುಗಳ ವರ್ಗವನ್ನು ಒಂದೊಂದಾಗಿ ಕಳೆದು, ಉಳಿದುದು ಪೂರ್ಣವರ್ಗವೇ ಎಂದು ನೋಡಿದರೆ ಸಾಕು.

ಮಂಗಳೂರಿನವರಿಗೆ ಒಂದು ಮಾತು: 575001ನ್ನು 4ರಿಂದ ಭಾಗಿಸಿದಾಗಲೂ 1 ಉಳಿಯುತ್ತದೆ, ಆದರೂ ಅದು ಎರಡು ವರ್ಗಗಳ ಮೊತ್ತವಾಗಲಾರದು. 4ರಿಂದ ಭಾಗಿಸಿದಾಗ 3 ಉಳಿಸುವ 7 ಅದರಲ್ಲಿ ಒಂಟಿಯಾಗಿ ಕುಳಿತಿದೆ. 9ರಲ್ಲಿರುವ 3ರಂತೆ ಜೋಡಿಯಾಗಿದ್ದರೆ ಆ 7ರಿಂದ ಅಡ್ಡಿಯಿರಲಿಲ್ಲ, ಆದರೆ 4ರಿಂದ ಭಾಗಿಸಿದಾಗ 3 ಉಳಿಸುವ 9127 ಕೂಡ ಒಂಟಿಯೇ.

ಪ್ರಶ್ನೆ ಕೇಳಿದವರಿಂದ:
ಹದಿನೇಳನ್ನೂ ಮಾಡಿ ಮುಗಿಸಿದೆ. 1ನ್ನು ಇಟ್ಟಾಗ ಪೂರ್ಣವರ್ಗ 19ರಿಂದ ತಪ್ಪಿತು. 145 ಮತ್ತು 305 ಎರಡರಲ್ಲಿಯೂ ವಿಚಿತ್ರವಾಗಿ 51ರಿಂದಲೇ ತಪ್ಪಿತು. 751ರ ವರ್ಗ 564001ನ್ನು ಕಳೆದಾಗ ಮಾತ್ರ 12100, ಅಂದರೆ 110ರ ವರ್ಗ, ಕೈಗೆ ಬಂತು. ಬೇರೆ ಯಾವುದೂ ಹೊಂದಲಿಲ್ಲ. 751 ಮತ್ತು 110ಕ್ಕೆ ಸಾಮಾನ್ಯ ಅಪವರ್ತನವೂ ಇಲ್ಲ. ಆದ್ದರಿಂದ 576101 ಅವಿಭಾಜ್ಯ.