ಒಂದೇ ಕಂಪ್ಯೂಟರ್‌ನಲ್ಲಿ ಮೂರನೇ ಹಾರ್ಡ್ ಡಿಸ್ಕ್ ಕೂಡ ಕೈಕೊಡುತ್ತಿದೆ, ಎಲ್ಲಿ ನೋಡಬೇಕು?

ಅಡಿಕೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲಿ ಅಂಗಡಿಯವರು ಜೋಡಿಸಿಕೊಟ್ಟ ಡೆಸ್ಕ್‌ಟಾಪ್ ಇದೆ. ವಿಂಡೋಸ್ 10 ಇರುವುದು ಎಸ್‌ಎಸ್‌ಡಿಯಲ್ಲಿ. ಫೋಟೊ, ಯಕ್ಷಗಾನದ ವಿಡಿಯೊ, ತೋಟದ ಲೆಕ್ಕ ಎಲ್ಲ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ. ಎಸ್‌ಎಸ್‌ಡಿಗೆ ಈವರೆಗೆ ಏನೂ ಆಗಿಲ್ಲ. ಹಾರ್ಡ್ ಡಿಸ್ಕ್ ಮಾತ್ರ ಒಂದರ ಹಿಂದೆ ಒಂದು ಹೋಗುತ್ತಿದೆ.

ಮೊದಲನೆಯದು ಎರಡು ವರ್ಷ ಬಾಳಿತು. ಎರಡನೆಯದನ್ನು ಬೇಕೆಂದೇ ಬೇರೆ ಕಂಪನಿಯದು ತಂದೆ, ಅದು ವರ್ಷವೂ ತುಂಬಲಿಲ್ಲ. ವಾರಂಟಿಯಲ್ಲಿ ಬದಲಿ ಕೊಟ್ಟರು. ಈಗ ಆ ಬದಲಿ ಡಿಸ್ಕ್‌ಗೂ ಅದೇ ರೋಗ. ‘ಟಕ್’ ಅಂತ ಸದ್ದು ಬರುತ್ತದೆ, ಆಮೇಲೆ ಡಿಸ್ಕ್ ಹೊಸದಾಗಿ ತಿರುಗಲು ಶುರು ಮಾಡಿದ ಹಾಗೆ ಗುಂಯ್ ಅನ್ನುತ್ತದೆ. ಆ ಹೊತ್ತಿಗೆ ಡಿ ಡ್ರೈವ್ ಮಾಯ. ಕೆಲವೊಮ್ಮೆ ತಾನೇ ವಾಪಸ್ ಬರುತ್ತದೆ, ಕೆಲವೊಮ್ಮೆ ರೀಸ್ಟಾರ್ಟ್ ಮಾಡಬೇಕು. ಕಂಪ್ಯೂಟರ್ ಮಾತ್ರ ಆಫ್ ಆಗುವುದಿಲ್ಲ. ಮಗ ಗೇಮ್ ಆಡುವಾಗ ಈ ಕಾಟ ಜಾಸ್ತಿ. ಅಂಗಡಿಯವರನ್ನು ಕೇಳಿದರೆ ‘ಈಗಿನ ಡಿಸ್ಕ್‌ಗಳೇ ಹಾಗೆ ಸರ್’ ಅಂತಾರೆ. ನಾಲ್ಕನೆಯದಕ್ಕೆ ದುಡ್ಡು ಹಾಕುವ ಮೊದಲು ಕೇಳೋಣ ಅನಿಸಿತು.

ಕಡಲತಡಿ:
ಮೊದಲು ಫೈಲ್‌ಗಳನ್ನು ಹೊರಗೆ ತೆಗೆಯಿರಿ ಮಾರಾಯ್ರೆ, ರೋಗ ಹುಡುಕುವುದು ಆಮೇಲೆ. ಮತ್ತೆ ಸಿಗದಂಥದ್ದು ಮೊದಲು: ಫೋಟೊ, ಲೆಕ್ಕ. ಸಿನಿಮಾ ಗಿನಿಮಾ ಕೊನೆಗೆ. ಇದೇ ಕಂಪ್ಯೂಟರ್‌ನಲ್ಲಿ ಕಾಪಿ ಮಾಡಬೇಡಿ. ಡಿಸ್ಕ್ ಬಿಚ್ಚಿ ಡಾಕ್‌ನಲ್ಲಿಟ್ಟು (ಡಿಸ್ಕನ್ನು ಹೊರಗಿನಿಂದ ಯುಎಸ್‌ಬಿಗೆ ಜೋಡಿಸುವ ಪೆಟ್ಟಿಗೆ) ಲ್ಯಾಪ್‌ಟಾಪ್‌ಗೆ ಹಾಕಿ. ನಿಮ್ಮದು 3.5 ಇಂಚಿನದು, ಅದಕ್ಕೆ ಸ್ವಂತ 12 ವೋಲ್ಟ್ ಅಡಾಪ್ಟರ್ ಇರುವ ಡಾಕೇ ಬೇಕು. ಬರೀ ಯುಎಸ್‌ಬಿ ವೈರಿನಲ್ಲಿ ಅದು ತಿರುಗುವುದಿಲ್ಲ.

ಚೆಕ್‌ಡಿಸ್ಕ್ ಸದ್ಯಕ್ಕೆ ಬೇಡವೇ ಬೇಡ. ಅದು ಫೈಲ್ ಸಿಸ್ಟಮ್ ಸರಿ ಮಾಡುವ ಸಾಧನ, ನಿಮ್ಮ ಫೋಟೊ ಉಳಿಸುವುದಲ್ಲ. ಸರಿ ಮಾಡುವ ಭರದಲ್ಲಿ ಅರ್ಧ ಓದಿದ ಫೈಲ್‌ಗಳನ್ನೇ ತುಂಡು ಮಾಡಿ ಇಡುತ್ತದೆ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೂ ಕೇಳಬೇಡಿ. ತಂಪಿನಿಂದ ಹೊರಗೆ ತೆಗೆದ ಕೂಡಲೇ ತೇವ ಕೂರುತ್ತದೆ.

ಬೆಸುಗೆಕಡ್ಡಿ:
ಕಡಲತಡಿ ಹೇಳಿದ್ದು ಸರಿ, ಅದು ಮುಗಿಸಿ ಬನ್ನಿ. ಆ ಕಾಪಿಯೇ ಒಂದು ಪರೀಕ್ಷೆ ಕೂಡ. ಡಾಕ್‌ನಲ್ಲಿ ಗಂಟೆಗಟ್ಟಲೆ ಓಡಿದರೂ ಒಮ್ಮೆಯೂ ‘ಟಕ್’ ಅನ್ನದಿದ್ದರೆ ಗುಮಾನಿ ಡಿಸ್ಕ್ ಮೇಲಿಂದ ನಿಮ್ಮ ಕ್ಯಾಬಿನೆಟ್ ಮೇಲೆ ಹೋಗುತ್ತದೆ.

ಎರಡು ಕಂಪನಿಯ ಮೂರು ಡಿಸ್ಕ್‌ಗಳು ಒಂದೇ ಥರ ಸಾಯುವುದು ಕಾಕತಾಳೀಯ ಅಲ್ಲ. ಡಿಸ್ಕ್ ಬದಲಾಯಿತು, ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗೆ ಕರೆಂಟು ಹಂಚುವ ಡಬ್ಬಿ) ಬದಲಾಗಲಿಲ್ಲ, ವೈರ್ ಬದಲಾಗಲಿಲ್ಲ. ಇನ್ನೊಂದು ಸುಳಿವನ್ನು ನೀವೇ ಕೊಟ್ಟಿದ್ದೀರಿ. ಎಸ್‌ಎಸ್‌ಡಿಗೆ ಏನೂ ಆಗಿಲ್ಲ ಅಂದಿರಲ್ಲ, 2.5 ಇಂಚಿನ ಸಾಟಾ (ಡಿಸ್ಕ್ ಜೋಡಿಸುವ ಮಾಮೂಲಿ ಕನೆಕ್ಟರ್) ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 5 ವೋಲ್ಟ್‌ನಲ್ಲೇ ಬದುಕುತ್ತವೆ. ದೊಡ್ಡ ಹಾರ್ಡ್ ಡಿಸ್ಕ್‌ನ ಮೋಟರಿಗೆ 12 ವೋಲ್ಟ್ ಬೇಕು. ತಿರುಗಲು ಶುರು ಮಾಡುವಾಗ ಅದು ಹತ್ತಿರ ಹತ್ತಿರ 2 ಆಂಪಿಯರ್ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಹೊಟ್ಟೆ ತುಂಬಿಸಿಕೊಳ್ಳುವುದೂ ಅದೇ 12 ವೋಲ್ಟ್‌ನಿಂದ. ಗೇಮ್ ಆಡುವಾಗ ಜಾಸ್ತಿ ಅಂದ ಕೂಡಲೇ ನನಗೆ ಅಲ್ಲೇ ಅನುಮಾನ ಬಂತು.

ಅನುಮಾನ ಸಾಲದು, ಅಂಕಿ ಬೇಕು. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ. ಅದು ಅಂಕಿಗಳನ್ನು ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) ತೋರಿಸುತ್ತದೆ, 10 ಅಂತಿದ್ದರೆ ಅದು ನಮ್ಮ ಲೆಕ್ಕದ 16. ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಿ. ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) 5, 192, 197, 199 ಬರೆದುಕೊಳ್ಳಿ. ಪಟ್ಟಿಯಲ್ಲಿ ನಂಬರ್‌ಗಳೇ ಹೆಕ್ಸ್‌ನಲ್ಲಿರುತ್ತವೆ, ಹಾಗಾಗಿ ಇಂಗ್ಲಿಷ್ ಹೆಸರು ನೋಡಿ ಹುಡುಕುವುದು ಸುಲಭ: ರಿಅಲೊಕೇಟೆಡ್ (ಕೆಟ್ಟು ಬದಲಿಸಿದ ಸೆಕ್ಟರ್, ಅಂದರೆ ಡಿಸ್ಕ್‌ನ ಸಣ್ಣ ತುಣುಕು), ಪವರ್ ಆಫ್ ರಿಟ್ರ್ಯಾಕ್ಟ್ (ಕರೆಂಟು ಹೋಗಿ ತಲೆಗಳನ್ನು ಒಳಗೆಳೆದುಕೊಂಡದ್ದು), ಕರೆಂಟ್ ಪೆಂಡಿಂಗ್ (ಓದಲು ಬಾರದೆ ಬಾಕಿ ಇರುವ ಸೆಕ್ಟರ್), ಸಿಆರ್‌ಸಿ ಎರರ್ (ಡೇಟಾ ಕೇಬಲ್‌ನಲ್ಲಿ ಆದ ತಪ್ಪು). ಜೊತೆಗೆ ಎಸ್‌ಎಸ್‌ಡಿಯ ‘ಪವರ್ ಆನ್ ಕೌಂಟ್’. ವಾರ ಬಿಟ್ಟು ಮತ್ತೆ ನೋಡಿ. ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಏರಿತು ಅನ್ನುವುದು ಮುಖ್ಯ, ಯಾಕೆಂದರೆ ವಾರಂಟಿಯಲ್ಲಿ ಕೊಡುವ ಬದಲಿ ಡಿಸ್ಕ್ ಎಷ್ಟೋ ಸಲ ರಿಪೇರಿಯಾಗಿ ಬಂದದ್ದೇ ಇರುತ್ತದೆ. ‘ರಾ ರೀಡ್ ಎರರ್ ರೇಟ್’ ಎದುರು ಕೋಟಿಗಟ್ಟಲೆ ಅಂಕಿ ಕಂಡರೆ ಗಾಬರಿ ಬೇಡ. ಸೀಗೇಟ್ ಡಿಸ್ಕ್‌ಗಳಲ್ಲಿ ಅದು ಮಾಮೂಲು.

ವಿಂಡೋಸ್‌ನ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ (ನಡೆದದ್ದರ ದಾಖಲೆ) 129, 153 ಮತ್ತು ಕರ್ನಲ್-ಪವರ್ 41 ನಂಬರಿನವು ಇವೆಯಾ ಅಂತಲೂ ನೋಡಿ.

ಸ್ಕ್ರೂಡ್ರೈವರ್:
ನನಗೆ ಇನ್ವರ್ಟರ್ ಮೇಲೆ ಸಂಶಯ. ನಿಮ್ಮ ಕಡೆ ಕರೆಂಟು ಹೋಗುವುದು ಬರುವುದು ಇದ್ದದ್ದೇ. ಇನ್ವರ್ಟರ್ ಬದಲಾಗುವ ಆ ಕ್ಷಣದಲ್ಲಿ ಡಿಸ್ಕ್ ತಲೆ ಬಡಿದುಕೊಳ್ಳುತ್ತಿರಬಹುದು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ಅರ್ಥಿಂಗ್ ಹೇಗಿದೆ? ಟೆಂಪರೇಚರ್ ಎಷ್ಟು?

ಅಡಿಕೆಮನೆ:
ಫೈಲ್‌ಗಳು ಉಳಿದವು. ತಂಗಿಯ ಮನೆಯಿಂದ ಡಾಕ್ ತಂದು ಲ್ಯಾಪ್‌ಟಾಪ್‌ಗೆ ಹಾಕಿದೆ. ಕೆಲವು ವಿಡಿಯೊ ಬಿಟ್ಟರೆ ಎಲ್ಲ ಬಂತು. ಡಾಕ್‌ನಲ್ಲಿ ಒಂದು ಸಲವೂ ‘ಟಕ್’ ಅನ್ನಲಿಲ್ಲ! ಆಮೇಲೆ ಡಿಸ್ಕ್ ವಾಪಸ್ ಹಾಕಿ ವಾರ ಓಡಿಸಿದೆ. ಅಂಕಿಗಳು ಹೀಗಿವೆ:

ಎಸ್‌ಎಸ್‌ಡಿ ಪವರ್ ಆನ್ ಕೌಂಟ್: 1,212 ಇತ್ತು, 1,226 ಆಯಿತು.
ಹಾರ್ಡ್ ಡಿಸ್ಕ್ 192: 405 ಇತ್ತು, 452 ಆಯಿತು.
5: ಮೊದಲೂ 8, ಈಗಲೂ 8.
197: 9 ಇದ್ದದ್ದು 16.
199: 3, ಬದಲಾಗಿಲ್ಲ.

129 ಮತ್ತು 153 ರಾಶಿ ಇವೆ. 41 ಒಂದೂ ಇಲ್ಲ. ಟೆಂಪರೇಚರ್ 41 ಡಿಗ್ರಿ. ಜುಮ್ ಅನ್ನುವುದು ಹೌದು, ಬರಿಗಾಲಲ್ಲಿ ನಿಂತು ಹಿಂದಿನ ಸ್ಕ್ರೂ ಮುಟ್ಟಿದರೆ ಗೊತ್ತಾಗುತ್ತದೆ.

ಬೆಸುಗೆಕಡ್ಡಿ:
ಇಷ್ಟು ಸಾಕು, ಕಥೆ ಬಹಳ ಮಟ್ಟಿಗೆ ಬಿಚ್ಚಿಕೊಂಡಿತು.

ನೀವು ಕಂಪ್ಯೂಟರ್ ಆನ್ ಮಾಡಿದ್ದು 14 ಸಲ. ಅಷ್ಟರಲ್ಲಿ ಹಾರ್ಡ್ ಡಿಸ್ಕ್ 47 ಸಲ ‘ಕರೆಂಟು ಹೋಯಿತು’ ಅಂದುಕೊಂಡು ತಲೆಗಳನ್ನು ಒಳಗೆಳೆದುಕೊಂಡಿದೆ. ಕೆಲವು ಕಂಪನಿಯ ಡಿಸ್ಕ್‌ಗಳು ಮಾಮೂಲಿ ಶಟ್‌ಡೌನ್ ಅನ್ನೂ 192ಕ್ಕೆ ಸೇರಿಸುತ್ತವೆ. ಹಾಗೆ ಹಿಡಿದರೂ 14 ಆಗಬೇಕಿತ್ತು. ಉಳಿದ 33 ಸಲ ಕಂಪ್ಯೂಟರ್ ಓಡುತ್ತಿದ್ದಾಗಲೇ ಡಿಸ್ಕ್‌ಗೆ ಮಾತ್ರ ಕರೆಂಟು ಸಿಕ್ಕಿಲ್ಲ.

ಹಾಗಾಗಿ ಇನ್ವರ್ಟರ್ ವಾದ ನಿಲ್ಲುವುದಿಲ್ಲ. ಇನ್ವರ್ಟರ್ ತಡ ಮಾಡಿದರೆ ಇಡೀ ಕಂಪ್ಯೂಟರ್ ಬೀಳುತ್ತದೆ, ಆಗ ಲಾಗ್‌ನಲ್ಲಿ 41 ಇರಲೇಬೇಕು. ನಿಮ್ಮಲ್ಲಿ ಒಂದೂ ಇಲ್ಲ. 129 ಅಂದರೆ ಡಿಸ್ಕ್ ಉತ್ತರ ಕೊಡಲಿಲ್ಲ ಅಂತ ವಿಂಡೋಸ್ ಅದನ್ನು ರೀಸೆಟ್ ಮಾಡಿದ್ದು. 153 ಅಂದರೆ ಅದೇ ಕೆಲಸವನ್ನು ಮತ್ತೆ ಕೇಳಿದ್ದು. 199 ಏರಿಲ್ಲ, ಅಂದರೆ ಡೇಟಾ ಕೇಬಲ್ ಸರಿ ಇದೆ. ಆ ಅಂಕಿ ಯಾವತ್ತೂ ಇಳಿಯುವುದಿಲ್ಲ, ಹಳೆಯ 3 ಹಾಗೇ ಉಳಿದಿದೆ ಅಷ್ಟೇ.

ಇದು ಡಿಸ್ಕ್‌ಗೆ ಯಾಕೆ ಕೆಟ್ಟದ್ದು ಅಂದರೆ, ಕರೆಂಟು ದಿಢೀರ್ ಹೋದಾಗ ತಲೆಗಳನ್ನು ಒಳಗೆ ಕಳಿಸಲು ಅದರ ಹತ್ತಿರ ಬೇರೆ ಶಕ್ತಿ ಇರುವುದಿಲ್ಲ. ಇನ್ನೂ ಸುತ್ತುತ್ತಿರುವ ತಟ್ಟೆಗಳೇ ಮೋಟರನ್ನು ಡೈನಮೊ ಮಾಡಿ, ಆ ಕರೆಂಟಿನಲ್ಲಿ ತಲೆಗಳು ಹೋಗಿ ಕೂರುತ್ತವೆ. ನೀವು ಕೇಳಿದ ‘ಟಕ್’ ಅದೇ. ಮಾಮೂಲಿ ಪಾರ್ಕಿಂಗ್ ಲಕ್ಷಗಟ್ಟಲೆ ಸಲ ಆದರೂ ತಡೆಯುತ್ತದೆ, ಈ ತುರ್ತು ಪಾರ್ಕಿಂಗ್ ಅಷ್ಟು ಸಲ ತಡೆಯುವುದಿಲ್ಲ. ಬರೆಯುತ್ತಿದ್ದ ಸೆಕ್ಟರ್ ಅರ್ಧಕ್ಕೆ ನಿಂತರೆ ಅದನ್ನು ಆಮೇಲೆ ಓದಲು ಬರುವುದಿಲ್ಲ. 197 ಏರಿದ್ದು ಬಹುಶಃ ಹಾಗೆ.

ಜುಮ್ ಅನ್ನುವುದು ಬೇರೆ ವಿಷಯ. ಎಸ್‌ಎಂಪಿಎಸ್‌ನ ಫಿಲ್ಟರ್‌ನಲ್ಲಿರುವ ಸಣ್ಣ ಕೆಪಾಸಿಟರ್‌ಗಳಿಂದ ಸ್ವಲ್ಪ ಕರೆಂಟು ಕ್ಯಾಬಿನೆಟ್‌ಗೆ ಬಂದೇ ಬರುತ್ತದೆ, ಅದು ಅರ್ಥ್‌ಗೆ ಹೋಗಬೇಕು. ಅರ್ಥ್ ಇಲ್ಲದಿದ್ದರೆ ನಿಮ್ಮ ಕೈಗೆ ಬರುತ್ತದೆ. ನಿಮ್ಮ ಡಿಸ್ಕ್ ಸಾಯುತ್ತಿರುವುದು ಇದರಿಂದ ಅಂತ ನನಗೆ ಅನಿಸುವುದಿಲ್ಲ. ಆದರೂ ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿ, ಸಿಡಿಲಿನ ಊರು ನಿಮ್ಮದು. ಉಪ್ಪು-ಇದ್ದಿಲಿನ ಹಳೇ ಗುಂಡಿಯಾದರೆ ಬೇಸಿಗೆಯಲ್ಲಿ ಒಣಗಿರುತ್ತದೆ, ನೀರು ಹಾಕುವವರು ಯಾರೂ ಇರುವುದಿಲ್ಲ.

ಈಗ ಕ್ಯಾಬಿನೆಟ್ ತೆಗೆದು ಹಾರ್ಡ್ ಡಿಸ್ಕ್‌ನ ಪವರ್ ವೈರ್ ಹಿಡಿದುಕೊಂಡು ಎಸ್‌ಎಂಪಿಎಸ್‌ವರೆಗೆ ಹೋಗಿ. ದಾರಿಯಲ್ಲಿ ಏನೇನಿದೆ ಹೇಳಿ. ಮಲ್ಟಿಮೀಟರ್ ಇದ್ದರೆ ಅದೇ ಸಾಲಿನ ಖಾಲಿ ಮೊಲೆಕ್ಸ್‌ನಲ್ಲಿ (ನಾಲ್ಕು ಪಿನ್‌ನ ಹಳೇ ಥರದ ಪವರ್ ಕನೆಕ್ಟರ್) ಹಳದಿ ಮತ್ತು ಕಪ್ಪು ವೈರ್ ನಡುವೆ ಡಿಸಿ ವೋಲ್ಟ್ ನೋಡಿ, ಸುಮ್ಮನಿದ್ದಾಗ ಒಮ್ಮೆ, ಗೇಮ್ ಓಡುವಾಗ ಒಮ್ಮೆ. 11.4ರಿಂದ 12.6ರ ಒಳಗಿರಬೇಕು. ಮೀಟರ್ ಕಡ್ಡಿ ಜಾರಿ ಹಳದಿ-ಕಪ್ಪು ಒಂದಾಗದಂತೆ ಜೋಪಾನ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ, ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು.

ಅಡಿಕೆಮನೆ:
ನೋಡಿದೆ ಸರ್. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬಂದದ್ದು, 450 ವ್ಯಾಟ್ ಅಂತ ಸ್ಟಿಕ್ಕರ್ ಇದೆ. ನೇರ ಸಾಟಾ ಪವರ್ ಕನೆಕ್ಟರ್ ಎರಡೇ. ಒಂದು ಡಿವಿಡಿಗೆ, ಒಂದು ಎಸ್‌ಎಸ್‌ಡಿಗೆ. ಹಾರ್ಡ್ ಡಿಸ್ಕ್‌ಗೆ ಮೊಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಕನ್ವರ್ಟರ್ ಹಾಕಿದ್ದಾರೆ. ಆಮೇಲೆ ಹಾಕಿಸಿದ ಗ್ರಾಫಿಕ್ಸ್ ಕಾರ್ಡ್‌ನ 6 ಪಿನ್ ಕೂಡ ಅದೇ ಸಾಲಿನ ಮೊಲೆಕ್ಸ್‌ನಿಂದಲೇ ಎಳೆದಿದ್ದಾರೆ! ಕನ್ವರ್ಟರ್‌ನ ಹಳದಿ ವೈರ್ ಹತ್ತಿರ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಸುಮ್ಮನಿದ್ದಾಗ 11.7, ಗೇಮ್ ಓಡುವಾಗ 11.1.

ಸ್ಕ್ರೂಡ್ರೈವರ್:
ಇನ್ವರ್ಟರ್ ಮಾತು ವಾಪಸ್ ತಗೊಂಡೆ. ಕಂದು ಬಣ್ಣ ಅಂದರೆ ಅಲ್ಲಿ ಪಿನ್ ಸಡಿಲ ಆಗಿ ಕಾಯುತ್ತಿದೆ. ಕಂಪ್ಯೂಟರ್ ಈಗಲೇ ಆಫ್ ಮಾಡಿ. ಆ ಕನ್ವರ್ಟರ್‌ಗಳಲ್ಲಿ ವೈರನ್ನು ಪ್ಲಾಸ್ಟಿಕ್ ಒಳಗೇ ಎರಕ ಹೊಯ್ದ ಥರದವು ಬೆಂಕಿ ಹಿಡಿದದ್ದೂ ಇದೆ.

ಬೆಸುಗೆಕಡ್ಡಿ:
ಹೌದು, ಆಫ್ ಮಾಡಿ. ಮೀಟರ್ ನಿಧಾನ, ಅದು ತೋರಿಸುವುದು ಸರಾಸರಿ. ಸರಾಸರಿಯೇ 11.1 ಅಂದರೆ ನಡುನಡುವೆ ಕ್ಷಣಮಾತ್ರದ ತಗ್ಗುಗಳು ಇನ್ನೂ ಆಳ ಇರುತ್ತವೆ. ಗ್ರಾಫಿಕ್ಸ್ ಕಾರ್ಡ್ ಜಗ್ಗಿದಾಗಲೆಲ್ಲ ಡಿಸ್ಕ್ ಉಪವಾಸ.

ಕನ್ವರ್ಟರ್ ಮಾತ್ರ ಬದಲಿಸಿ ನೋಡೋಣ ಅನ್ನಬೇಡಿ, 12 ವೋಲ್ಟೇ ಕುಸಿಯುತ್ತಿದೆ. ಎಸ್‌ಎಂಪಿಎಸ್ ಬದಲಿಸಿ. 80 ಪ್ಲಸ್ ಗುರುತು (ಕರೆಂಟು ಹೆಚ್ಚು ಪೋಲು ಮಾಡುವುದಿಲ್ಲ ಅನ್ನುವ ಪ್ರಮಾಣ) ಇರಲಿ. ಅದಕ್ಕಿಂತ ಮುಖ್ಯ, ಪಕ್ಕದ ಪಟ್ಟಿಯಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಅಂತ ಓದಿ. ಅದನ್ನು 12ರಿಂದ ಗುಣಿಸಿದರೆ ಮೇಲೆ ಬರೆದ ವ್ಯಾಟ್‌ನ ಹತ್ತಿರ ಬರಬೇಕು. ನೇರ ಸಾಟಾ ನಾಲ್ಕಾದರೂ ಇರಲಿ, ಗ್ರಾಫಿಕ್ಸ್ ಕಾರ್ಡ್‌ಗೆ ಬೇರೆಯೇ ವೈರ್ ಇರಲಿ. ಒಂದು ಎಸ್‌ಎಂಪಿಎಸ್‌ನ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್ ಇನ್ನೊಂದಕ್ಕೆ ಹಾಕಬೇಡಿ. ಕನೆಕ್ಟರ್ ಕೂತರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, ಡಿಸ್ಕ್ ಆ ಕ್ಷಣವೇ ಸುಟ್ಟುಹೋಗುತ್ತದೆ.

ಅಡಿಕೆಮನೆ:
550 ವ್ಯಾಟ್‌ನದು ಹಾಕಿಸಿದೆ. ಈಗ ಸುಮ್ಮನಿದ್ದಾಗ 12.1, ಗೇಮ್‌ನಲ್ಲಿ 12.0. ‘ಟಕ್’ ನಿಂತಿದೆ. ಎಸ್‌ಎಸ್‌ಡಿ ಪವರ್ ಆನ್ ಎಷ್ಟು ಏರುತ್ತದೋ 192 ಕೂಡ ಅಷ್ಟೇ ಏರುತ್ತಿದೆ. 129 ಹೊಸದಾಗಿ ಬಂದಿಲ್ಲ. ಅರ್ಥಿಂಗ್‌ಗೆ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ, ಅಡಿಕೆ ಕೊಯ್ಲು ಮುಗಿದ ಮೇಲೆ ಬರುತ್ತಾರಂತೆ.

ಈ ಡಿಸ್ಕ್ ಇಟ್ಟುಕೊಳ್ಳಬಹುದಾ? ಮೊದಲ ಎರಡರಲ್ಲಿ ಒಂದು ಇನ್ನೂ ಮನೆಯಲ್ಲೇ ಇದೆ, ಅದರಲ್ಲಿ 5 ಎದುರು 2,000ದ ಮೇಲಿದೆ.

ಬೆಸುಗೆಕಡ್ಡಿ:
2,000ದ್ದನ್ನು ಬಿಟ್ಟುಬಿಡಿ, ಅದರ ತಟ್ಟೆಯೇ ಹಾಳಾಗಿದೆ.

ಈಗಿನದನ್ನು ಪರೀಕ್ಷೆ ಮಾಡೋಣ. ಎಲ್ಲ ಕಾಪಿ ಆಗಿದೆ ಅಂತ ಖಾತ್ರಿ ಮಾಡಿಕೊಂಡು ಫುಲ್ ಫಾರ್ಮ್ಯಾಟ್ ಮಾಡಿ, ಕ್ವಿಕ್ ಅಲ್ಲ. ಫುಲ್ ಫಾರ್ಮ್ಯಾಟ್ ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ. ಅರ್ಧಕ್ಕೆ ನಿಂತ ಸೆಕ್ಟರ್‌ಗಳು ನಿಜಕ್ಕೂ ಗಟ್ಟಿ ಇದ್ದರೆ 197 ಸೊನ್ನೆಗೆ ಬರುತ್ತದೆ, 5 ಹಾಗೇ 8ರಲ್ಲಿ ನಿಲ್ಲುತ್ತದೆ. 5 ಏರಿದರೆ ತಟ್ಟೆಗೂ ಪೆಟ್ಟಾಗಿದೆ ಅಂತ.

ಅಡಿಕೆಮನೆ:
ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡಿದೆ. 197 ಸೊನ್ನೆ. 5 ಎಂಟೇ.

ಬೆಸುಗೆಕಡ್ಡಿ:
ಒಳ್ಳೆಯದಾಯಿತು. ಆದರೂ ಅದನ್ನು ಎರಡನೇ ಪ್ರತಿಗೆ ಮಾತ್ರ ಬಳಸಿ. ಗೂಗಲ್‌ನವರು ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸುವಾಗ ಸಿಕ್ಕ ದೋಷ) ಕಂಡ ಡಿಸ್ಕ್ 60 ದಿನದೊಳಗೆ ಹೋಗುವ ಸಂಭವ ಉಳಿದವುಗಳಿಗಿಂತ 39 ಪಟ್ಟು ಅಂತ ಅದರಲ್ಲಿದೆ. ಅದೇ ಅಧ್ಯಯನದಲ್ಲಿ ಹಾಳಾದ ಡಿಸ್ಕ್‌ಗಳ ಅರ್ಧಕ್ಕಿಂತ ಜಾಸ್ತಿ ಮುಖ್ಯ ಸ್ಮಾರ್ಟ್ ಅಂಕಿಗಳಲ್ಲಿ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಬಿಸಿಗೂ ಸಾವಿಗೂ ನಾವಂದುಕೊಂಡಷ್ಟು ನಂಟು ಕಾಣಲಿಲ್ಲ, ಹಾಗಾಗಿ ನಿಮ್ಮ 41 ಡಿಗ್ರಿ ಬಗ್ಗೆ ನಾನು ಮಾತೇ ಎತ್ತಲಿಲ್ಲ.

ಫೋಟೊಗಳ ಮೊದಲ ಪ್ರತಿಗೆ ಹೊಸ ಡಿಸ್ಕ್ ತನ್ನಿ, ಈ ಸಲ ಕನ್ವರ್ಟರ್ ಇಲ್ಲದೆ ನೇರ ಸಾಟಾ ವೈರಿಗೇ ಹಾಕಿ. ಹಳೇ ಎಸ್‌ಎಂಪಿಎಸ್ ಯಾರಿಗೂ ಕೊಡಬೇಡಿ.

ಕಡಲತಡಿ:
ಆ ಕಂದು ಕನ್ವರ್ಟರನ್ನೂ ತುಂಡು ಮಾಡಿ ಬಿಸಾಡಿ ಮಾರಾಯ್ರೆ. ಡ್ರಾಯರ್‌ನಲ್ಲಿಟ್ಟರೆ ಮಗ ಮುಂದೊಂದು ದಿನ ಅದನ್ನೇ ಹುಡುಕಿ ಹಾಕುತ್ತಾನೆ.